ಗಿರಿಮಲ್ಲಪ್ಪ ನುಂಗದ ಗುಟುಕು

ತಪ್ಪೆಲ್ಲ ಗುರುಸಿದ್ದನದೇ. ಬನಹಟ್ಟಿಯ ಸೀರೆ ವ್ಯಾಪಾರಿ ಗಿರಿಮಲ್ಲಪ್ಪನ ಮಗಳು ಅಕ್ಷತಾಳಿಗೆ ಗಂಡು ಹುಡುಕಿಕೊಟ್ಟವನು ಪಕ್ಕದ ಮನೆಯ ಈ ಗುರುಸಿದ್ದ. ಆ ಗಂಡಿನ ನೌಕರಿ ಎಂಥದು ಎಂಬುದರ ಬಗ್ಗೆ ಜಮಖಂಡಿಯಲ್ಲಿ ಬಸ್ ಇಳಿದು ಆಟೋ ಹತ್ತುವವರೆಗೆ ಬಾಯಿ ಬಿಡದವನೂ ಅವನೇ.

"ಹುಡುಗ ಹೋಟೆಲ್ ಮ್ಯಾನೇಜರ್ ಅಂದಿದ್ದೆಲ್ಲೋ?" ಗಿರಿಮಲ್ಲಪ್ಪ ಕೇಳಿದ.

"ಹೋಟೆಲೇ ಐತ್ರಿ ಕಾಕಾ. ಅದರ ಬಾಜೂಕ ವೈನ್ ಮಾಡೂ ಫ್ಯಾಕ್ಟರಿ ಐತಿ, ಅಷ್ಟ. ಹುಡುಗನ ಅಪ್ಪ ಈರಪ್ಪ ಅದಕ್ಕ ದ್ರಾಕ್ಷಿ ಕೊಡತಾನ. ಇವತ್ತ ಅಲ್ಲೇ ನಮ್ಮ ಊಟ, ಅಲ್ಲೇ ವೈನಿನ ರುಚಿ ನೋಡೋದು."

ಗಿರಿಮಲ್ಲಪ್ಪನ ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತು. ಮಜ್ಜಿಗೆ ಹುಳಿ ಬಂದರೂ ದೂರ ಸರಿಸುವ ಮನುಷ್ಯ ಅವನು.

ಗುರುಸಿದ್ದ ಇನ್ನಷ್ಟು ಹತ್ತಿರ ಸರಿದ. "ಒಂದ ಮಾತು ಹೇಳೋದು ಮರತಿದ್ದೆ. ಹುಡುಗನ ಅವ್ವ ಕಸ್ತೂರೆವ್ವ ಭಾಳ ಕಡಕ್. ಆಕಿ ಅಣ್ಣ ಕುಡದ ಕುಡದ ಸತ್ತಾನ. ಕುಡಕನ ಮಗಳನ್ನ ಸೊಸಿ ಮಾಡ್ಕೊಳ್ಳಂಗಿಲ್ಲ ಅಂತ ಮುಧೋಳದ ಸಂಬಂಧ ಮುರದಾಳ."

"ಹಂಗಾರ ನಾ ಮುಟ್ಟಂಗಿಲ್ಲ, ಮುಗೀತು."

"ಮುಟ್ಟಲಿಲ್ಲಂದ್ರ ಈರಪ್ಪ ಸಿಟ್ಟಿಗೇಳತಾನ. ನನ್ನ ಬೆಳಿಗೆ ಮರ್ಯಾದಿ ಕೊಡಲಿಲ್ಲ ಅಂತ ಬೀಳಗಿ ಹೆಣ್ಣಿನ ಕಡಿಯವರನ್ನ ಊಟದಾಗಿಂದ ಎಬ್ಬಿಸಿ ಕಳಿಸ್ಯಾನ. ತಾನು ಹೆಂಡತಿ ಅಂಜಿಕಿಗೆ ಹನಿ ಮುಟ್ಟಂಗಿಲ್ಲ. ಅದಕ್ಕ ಮಂದಿ ಬಾಯಿಂದ ಹೊಗಳಿಸ್ಕೊಳ್ಳೋ ಚಟ."

ಆಟೋ ತಿರುಗಿಸು ಎನ್ನಲು ಗಿರಿಮಲ್ಲಪ್ಪ ಬಾಯಿ ತೆರೆದ, ಮುಚ್ಚಿದ. ಬಂದ ಬಂದ ಗಂಡಿಗೆಲ್ಲ ಮೂಗು ಮುರಿದಿದ್ದ ಅಕ್ಷತಾ ಈ ಹುಡುಗನ ಫೋಟೋ ನೋಡಿ ಹೂಂ ಎಂದಿದ್ದಳು. ಬೆಳಗ್ಗೆ ಹೊರಡುವಾಗ, "ಅಪ್ಪಾ, ನಿನಗ ಕೈ ಮುಗೀತೇನಿ, ಏನರ ಮಾಡಿ ಕೆಡಸಬ್ಯಾಡ," ಎಂದು ಕಣ್ಣು ತುಂಬಿಕೊಂಡಿದ್ದಳು. ಇನ್ನು ಹಿಂದೆ ಹೋಗುವುದೆಂತು! ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು. ಒಂದಾದರೂ ಅಡ್ಡ ಬಿದ್ದು ದಾರಿ ಕಟ್ಟಬಾರದೇ ಎಂದು ಅವನು ಶಿವನಲ್ಲಿ ಬೇಡಿಕೊಂಡ. ದಾರಿ ಸರಾಗವಾಗಿಯೇ ಇತ್ತು.

ಹುಡುಗ ಬಸವಕುಮಾರ ಹೋಟೆಲಿನ ಬಾಗಿಲಿಗೇ ಬಂದು ಕಾಲಿಗೆ ನಮಸ್ಕರಿಸಿದ. ಬಂಗಾರದಂಥ ಹುಡುಗ. ಒಳಗೆ ದೊಡ್ಡ ಮೇಜಿನ ಈ ತುದಿಗೆ ಈರಪ್ಪ ರುಮಾಲು ಸುತ್ತಿ ಕೂತಿದ್ದ, ಆ ತುದಿಗೆ ಕಸ್ತೂರೆವ್ವ ತಲೆ ತುಂಬ ಸೆರಗು ಹೊದ್ದು ಕೂತಿದ್ದಳು. ಬಸವಕುಮಾರ ಗ್ಲಾಸಿನ ತಳಕ್ಕೆ ಒಂದಿಷ್ಟು ಕೆಂಪು ವೈನು ಸುರಿದು, ಅಲ್ಲಾಡಿಸಿ, ಮೂಸಿ ತೋರಿಸಿ, ಮುಂದಿಟ್ಟ.

"ನನ್ನ ಹೊಲದ್ದು," ಎಂದ ಈರಪ್ಪ. "ಬಾಯಾಗ ಹಾಕ್ಕೊಂಡು ಹೇಳ್ರಿ ಬೀಗ್ರ."

ಗಿರಿಮಲ್ಲಪ್ಪ ಕಣ್ಣು ಮುಚ್ಚಿ ಬಾಯಿಗೆ ಸುರಿದುಕೊಂಡ. ತೆರೆದು ನೋಡಿದರೆ ಕಸ್ತೂರೆವ್ವನ ಎರಡೂ ಕಣ್ಣು ತನ್ನ ಗಂಟಲ ಮೇಲೆ! ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು ಎನ್ನುತ್ತಾರಲ್ಲ, ತುಪ್ಪವಾದರೂ ಹೊಟ್ಟೆಗೆ ಒಳ್ಳೆಯದು. ಬಾಯಲ್ಲಿದ್ದುದನ್ನು ಈ ಗಲ್ಲದಿಂದ ಆ ಗಲ್ಲಕ್ಕೆ, ಆ ಗಲ್ಲದಿಂದ ಈ ಗಲ್ಲಕ್ಕೆ ಹೊರಳಿಸುತ್ತ ಕೂತ. ಅಷ್ಟರಲ್ಲಿ ಮಾರು ದೂರದಲ್ಲಿದ್ದ ಸ್ಟೀಲಿನ ಬಕೆಟು ಕಣ್ಣಿಗೆ ಬಿತ್ತು.

ಎಲೆ-ಅಡಿಕೆ ಹಾಕಿ, ಅಂಗಡಿಯ ಗಾದಿಯಿಂದ ಏಳದೆ ಗಟಾರಕ್ಕೆ ಗುರಿ ಇಡುವ ಮನುಷ್ಯ. ಪಿಚಕ್! ಒಂದು ಹನಿ ಆಚೀಚೆ ಸಿಡಿಯದೆ ಎಲ್ಲವೂ ಬಕೆಟಿಗೆ ಬಿತ್ತು.

ಮುಗಿಯಿತು, ಮಗಳ ಮದುವೆ ಬಕೆಟಿಗೆ ಬಿತ್ತು ಎಂದುಕೊಂಡ. ಆದರೆ ವೈನಿನ ರುಚಿ ನೋಡಲು ಬಂದಿದ್ದ ಪಕ್ಕದ ಮೇಜಿನವರು ಚಪ್ಪಾಳೆ ಹೊಡೆದರು. ಬಸವಕುಮಾರನ ಮುಖ ಅರಳಿತು.

"ನೋಡಿದಿಯೇನ ಅಪ್ಪಾ? ಖರೆ ತಿಳದವರು ನುಂಗಂಗಿಲ್ಲ, ಹಿಂಗ ಬಾಯಾಗ ಆಡಿಸಿ ಉಗಳತಾರ. ಆ ಬಕೀಟ ಇಟ್ಟಿದ್ದ ಅದಕ್ಕ!"

ಈರಪ್ಪ ಎದ್ದು ಬಂದು ತಬ್ಬಿಕೊಂಡ. "ಎಷ್ಟ ವರ್ಷದ ರೂಢಿರೀ ಬೀಗ್ರ?"

ಗಿರಿಮಲ್ಲಪ್ಪನಿಗೆ ತನ್ನ ಎಲೆ-ಅಡಿಕೆಯೇ ತಲೆಯಲ್ಲಿತ್ತು. "ಹುಡುಗ ಇದ್ದಾಗಿಂದ್ರಿ. ಅಂಗಡ್ಯಾಗ ಕುಂತ ದಿನಾ ಉಗಳತೇನಿ."

"ದಿನಾ?" ಕಸ್ತೂರೆವ್ವ ಎದ್ದು ನಿಂತಳು. "ಹಳೇ ಹುಲಿ ಅದಾರ ಇವರು! ಕುಮಾರಾ, ನಡಿ ಮನಿಗೆ."

"ಅಕ್ಕಾರ, ಎಲಿ-ಅಡಕಿ ಉಗಳೂ ಮಾತ್ರೀ ಅದು! ಶಿವನಾಣೆ, ಹನಿ ಒಳಗ ಹೋಗಿಲ್ಲ!"

"ಹಂಗಾರ ಬಾಯಿ ಊದ್ರಿ."

ಊದಿದ. ಬಾಯಿ ತುಂಬ ಈರಪ್ಪನ ಹೊಲದ ವಾಸನೆ. ಕಸ್ತೂರೆವ್ವ ಮೂಗಿಗೆ ಸೆರಗು ಹಿಡಿದಳು. ಮನೆಗೆ ಹೋಗಿ ಮಗಳಿಗೆ ಯಾವ ಮುಖ ತೋರಿಸಲಿ?

ಗುರುಸಿದ್ದ ಸುಮ್ಮನಿದ್ದರೆ ಗುರುಸಿದ್ದನೇ! "ಅಕ್ಕಾರ, ಕುಡದ ರೂಢಿ ಇದ್ದಾಂವ ಕೆಮ್ಮಂಗಿಲ್ಲ, ಹೌದಲ್ರಿ? ಕಾಕಾ ಈಗ ಒಂದ ಗ್ಲಾಸ್ ತುಂಬ ಕುಡೀತಾರ. ನೀವ ನೋಡಿ ಹೇಳ್ರಿ."

"ಲೇ ಗುರುಸಿದ್ದಾ..."

"ಖರೆ ಐತಿ," ಎಂದಳು ಕಸ್ತೂರೆವ್ವ. "ನಮ್ಮಣ್ಣ ನೀರ ಕುಡದಂಗ ಕುಡೀತಿದ್ದ. ನೀವು ಹೆಂಗ ಕುಡೀತೀರಿ ನೋಡೂಣು."

ಕುಡಿಯುವುದಿಲ್ಲ ಎಂದು ತೋರಿಸಲು ಕುಡಿಯಬೇಕು. ಇಂಥ ಪರೀಕ್ಷೆ ಯಾರ ವೈರಿಗೂ ಬೇಡ. ಅಕ್ಷತಾಳ ಮುಖ ನೆನೆದು, ಮೂಗು ಹಿಡಿದು, ಗಟಗಟನೆ ಇಳಿಸಿದ. ಅಬ್ಬಾ, ಏನು ಕೆಮ್ಮು! ಕಣ್ಣಲ್ಲಿ ನೀರು, ಮೂಗಲ್ಲಿ ವೈನು, ಬಿಳಿ ಅಂಗಿಯ ತುಂಬ ಕೆಂಪು. ಜೀವ ಹೋಗುತ್ತದೆ ಎಂದು ಬಸವಕುಮಾರ ನೀರಿಗೆ ಓಡಿದ.

ಕಸ್ತೂರೆವ್ವ ತಾನೇ ಬೆನ್ನು ತಟ್ಟಿದಳು. "ಅಯ್ಯ ಶಿವನ! ಪಾಪ, ಇವರಿಗೆ ಕುಡದ ಗೊತ್ತಿಲ್ಲ. ನಾ ಸುಳ್ಳ ಅನುಮಾನ ಪಟ್ಟೆ. ಸಂಬಂಧ ಗಟ್ಟಿ ಆತು! ಉಣ್ರಿ, ಆಮೇಲೆ ಸಕ್ಕರಿ ಹಂಚೂಣು."

ಜೋಳದ ರೊಟ್ಟಿ ಬಂತು, ಎಣಗಾಯಿ ಬಂತು, ಕೆನೆಮೊಸರು ಬಂತು. ಉಣ್ಣುತ್ತ ಉಣ್ಣುತ್ತ ಗಿರಿಮಲ್ಲಪ್ಪನ ಹೊಟ್ಟೆ ಬೆಚ್ಚಗಾಯಿತು, ವೈನು ತಲೆಗೇರಿ ಹೆದರಿಕೆ ಇಳಿಯಿತು. ಹುಟ್ಟಿದಾಗಿನಿಂದ ಕಾಣದ ಧೈರ್ಯವೊಂದು ಎದೆಗೆ ಬಂದು ಕೂತಿತು. ಹೆದರಿಕೆ ಇನ್ನೊಂದು ಅರ್ಧ ತಾಸು ಇದ್ದಿದ್ದರೆ ಅಕ್ಷತಾಳ ಮದುವೆ ಆಗಿಯೇ ಹೋಗುತ್ತಿತ್ತು.

ಊಟ ಮುಗಿಸಿ ಕಸ್ತೂರೆವ್ವ ಸಕ್ಕರೆ ತಟ್ಟೆ ಹಿಡಿದು ನಗುತ್ತ ಬಂದಳು. ಗಿರಿಮಲ್ಲಪ್ಪನೂ ತುಂಬು ಪ್ರೀತಿಯಿಂದ ನಕ್ಕು, ಖಾಲಿ ಗ್ಲಾಸನ್ನು ಅವಳ ಮುಂದೆ ಹಿಡಿದ.

"ಅಕ್ಕಾರ, ಆಗಳೆ ಉಗಳಿದ್ದ ದೊಡ್ಡ ತಪ್ಪಾತ್ರಿ. ಭಾಳ ಛಲೋ ಐತಿ. ಇನ್ನೊಂದೀಟ ಹಾಕಸ್ರಿ."

ಕಸ್ತೂರೆವ್ವ ಸಕ್ಕರೆಯ ಮೇಲೆ ಸೆರಗು ಮುಚ್ಚಿದಳು.