ಕೊನೆಯ ಆಟಕ್ಕೆ ಹೌಸ್‌ಫುಲ್

ನಮ್ಮ ಚನ್ನಪಟ್ಟಣದಲ್ಲಿ ಟಾಕೀಸಿಗೆ ಹೋಗುವವರು ಕಡಿಮೆಯಾದಷ್ಟೂ ಸಿನಿಮಾ ಬಗ್ಗೆ ಮಾತಾಡುವವರು ಹೆಚ್ಚಾಗಿದ್ದಾರೆ. ಮಾತಿಗೆ ಟಿಕೆಟ್ ಇಲ್ಲವಲ್ಲ. ಅದಕ್ಕೇ ಇಂಥ ಪ್ರಸಂಗಗಳು ಇಲ್ಲಿ ನಡೆಯುತ್ತಲೇ ಇರುತ್ತವೆ. ನನಗೆ ಮೊದಲು ಸಿಟ್ಟು ಬರುತ್ತೆ, ಆಮೇಲೆ ನಗು.

ಓಡಿಸಿದ ಸಾವು

ಬಸ್ ಸ್ಟ್ಯಾಂಡ್ ಹಿಂದಿನ ಟೀ ಅಂಗಡಿಯಲ್ಲಿ ದಿನಾ ಸಂಜೆ ನಾಲ್ವರು ಸೇರುತ್ತೇವೆ. ರಿಟೈರಾದ ಒಬ್ಬರು ಮೇಷ್ಟ್ರು, ಕಟಿಂಗ್ ಶಾಪಿನವನು, ಅಕ್ಕೂರಿನಿಂದ ಬರುವ ರೇಷ್ಮೆ ರೈತ, ಮತ್ತೆ ನಾನು. ಎಲ್ಲರೂ ಸಿನಿಮಾ ಹುಚ್ಚರೇ.

ಒಂದು ಸಂಜೆ ಮೇಷ್ಟ್ರು ಹಿಂದಿನ ರಾತ್ರಿ ಊಟಕ್ಕೆ ಮೊದಲು ಮೊಬೈಲಿನಲ್ಲಿ ನೋಡಿದ ಕಪ್ಪು-ಬಿಳುಪಿನ ಸಿನಿಮಾವೊಂದನ್ನು ಹೊಗಳತೊಡಗಿದರು. ಅಂಥ ನಟನೆ ಇನ್ನು ಹುಟ್ಟೋದಿಲ್ಲ, ತಾಯಿ ಸಾಯುವ ಕಡೆ ಕಣ್ಣೀರು ನಿಲ್ಲಲಿಲ್ಲ, ಈಗಿನವರಿಗೆ ತಾಳ್ಮೆಯೇ ಇಲ್ಲ ಎಂದೆಲ್ಲ ಹೇಳಿದರು. ಅಷ್ಟು ಉದ್ದದ ಸಿನಿಮಾ ಊಟಕ್ಕೆ ಮೊದಲೇ ಹೇಗೆ ಮುಗಿಯಿತು ಎಂದು ಕೇಳಿದೆ. ಒಂದೂವರೆ ಪಟ್ಟು ಸ್ಪೀಡು ಇಟ್ಟು ನೋಡಿದೆ ಅಂದರು, ನಾಚಿಕೆಯೇ ಇಲ್ಲದೆ.

ಅಕ್ಕೂರಿನವನು ಟೀ ಲೋಟ ಕೆಳಗಿಟ್ಟ. "ಮೇಷ್ಟ್ರೇ, ತಾಯಿ ಸಾಯೋ ಸೀನೂ ಹಂಗೇ ಓಡುಸ್ಬುಟ್ರಾ?"

"ಹೂಂ ಕಣಯ್ಯ. ಸಾಯೋಳು ಹೆಂಗಿದ್ರೂ ಸಾಯ್ತಾಳೆ."

ಧಿಕ್ಕಾರ

ಅಷ್ಟರಲ್ಲಿ ಸುದ್ದಿ ಬಂತು. ಊರಲ್ಲಿ ಉಳಿದಿದ್ದ ಹಳೆಯ ಟಾಕೀಸನ್ನು ಒಡೆದು ಮಾಲೀಕರು ಕಲ್ಯಾಣ ಮಂಟಪ ಕಟ್ಟಿಸುತ್ತಾರಂತೆ. ಟಾಕೀಸಿನ ಗೇಟಿನವನೂ ಅವನ ಹೆಂಡತಿಯೂ ಬಾಲ್ಕನಿ ಮೆಟ್ಟಿಲ ಕೆಳಗಿನ ಕೋಣೆಯಲ್ಲೇ ಸಂಸಾರ ಮಾಡಿದವರು. ಅವನು ಟಿಕೆಟ್ ಹರಿಯುತ್ತಿದ್ದ, ಅವಳು ಇಂಟರ್‌ವಲ್ಲಿನಲ್ಲಿ ಕಡಲೆಕಾಯಿ ಮಾರುತ್ತಿದ್ದಳು. ಗೋಡೆ ಬಿದ್ದರೆ ಕೆಲಸ, ಮನೆ ಎರಡೂ ಒಂದೇ ದಿನ ಹೋಗುತ್ತವೆ. ಈ ವಯಸ್ಸಿನಲ್ಲಿ ಅವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆ ಯಾರೂ ಕೇಳಲಿಲ್ಲ. ನಾನು ಕೇಳಿದೆ. ಕೇಳಿದ್ದಷ್ಟೇ ಅಲ್ಲ, ಮ್ಯಾಟಿನಿ ಹೊತ್ತಿಗೆ ಟಾಕೀಸಿನ ಮುಂದೆ ಧರಣಿ ಕರೆದೆ.

ಜನ ಬಂದರು. ಬ್ಯಾನರ್ ಬಂತು, ಮೈಕ್ ಬಂತು. ಸಂಸ್ಕೃತಿ ಉಳಿಸಿ ಅಂತ ಒಬ್ಬ, ಮಾಲೀಕರಿಗೆ ಧಿಕ್ಕಾರ ಅಂತ ಇನ್ನೊಬ್ಬ. ಕೂಗಾಟದ ನಡುವೆ ಗೇಟಿನವನು ಹೊರಗೆ ಬಂದು ನನ್ನ ಕೈ ಹಿಡಿದುಕೊಂಡ. ಹತ್ತು ಜನ ಆಗದಿದ್ದರೆ ಆಟ ಕ್ಯಾನ್ಸಲ್ ಅಂತೆ, ಒಳಗೆ ಕೂತಿರುವವರು ಆರೇ ಜನ. "ಅಣ್ಣಾ, ಇನ್ನು ನಾಕು ಜನ ಒಳಕ್ಕೆ ಬಂದ್ರೆ ಆಟ ಬುಡ್ತಾರೆ. ಕೂಗೋದು ಆಮೇಲೆ ಕೂಗಿ."

ನಾನು ಹೊರಟೆ. ಹಿಂದೆ ತಿರುಗಿ ನೋಡಿದರೆ ಒಬ್ಬನೂ ಇಲ್ಲ. ಬ್ಯಾನರ್ ಹಿಡಿದಿದ್ದ ಕಟಿಂಗ್ ಶಾಪಿನವನನ್ನು ಕರೆದೆ. ಅವನು ನಿಂತಲ್ಲಿಂದ ಕದಲಲಿಲ್ಲ.

"ನಾವು ಹೋರಾಟಕ್ಕೆ ಬಂದಿರೋದು ಕಣಣ್ಣ, ಸಿನಿಮಾ ನೋಡಕ್ಕಲ್ಲ."

ಹುಳುವಿನ ಮನೆ

ಆವತ್ತು ಅಕ್ಕೂರಿನವನು ಬಂದಿರಲಿಲ್ಲ. ಸಿಟ್ಟಿನಲ್ಲೇ ಬೈಕ್ ಹತ್ತಿ ಅವನ ಮನೆಗೆ ಹೋದೆ. ಗಂಡ-ಹೆಂಡತಿ ಬಲಿತು ಹಣ್ಣಾದ ರೇಷ್ಮೆ ಹುಳುಗಳನ್ನು ಆಯ್ದು, ಗೂಡು ಕಟ್ಟಲೆಂದು ಬಿದಿರಿನ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡುತ್ತಿದ್ದರು. ಅದೇ ಚಂದ್ರಿಕೆಯ ಬಿದಿರಿಗೆ ಮೊಬೈಲ್ ಸಿಕ್ಕಿಸಿದ್ದಾನೆ. ಅದರಲ್ಲಿ ಫೈಟಿಂಗ್ ನಡೀತಿದೆ. ಹುಳು ತೆವಳಿ ಹೀರೋ ಮುಖದ ಮೇಲೆ ಹೋದರೂ ಇವನು ನೋಡುವುದನ್ನು ಬಿಟ್ಟಿಲ್ಲ.

ಚೆನ್ನಾಗಿ ಬೈದೆ. ಅಲ್ಲಿ ಟಾಕೀಸ್ ಸಾಯ್ತಾ ಐತೆ, ಇಲ್ಲಿ ಅಂಗೈಯಲ್ಲಿ ಸಿನಿಮಾ ನೋಡ್ತಾ ಕೂತಿದೀಯ ಅಂದೆ. ಅವನಿಗೆ ಸಿಟ್ಟು ಬರಲಿಲ್ಲ. ಹಣ್ಣಾದ ಹುಳು ಯಾರಿಗೂ ಕಾಯೋದಿಲ್ಲ, ಈವತ್ತು ಬಿಟ್ಟರೆ ಬೆಳೆಯೆಲ್ಲ ತಿಪ್ಪೆಗೆ ಅಂದ.

"ಭಾನುವಾರ ಖಂಡಿತಾ ಬತ್ತೀನಿ. ಟಾಕೀಸ್‌ಗೆ ಅಲ್ಲೀಗಂಟ ಒಸಿ ಜೀವ ಹಿಡ್ಕಂಡಿರಕ್ಕೇಳು."

ಹೌಸ್‌ಫುಲ್

ಭಾನುವಾರಕ್ಕೆ ಹಳೆಯ ಸಿನಿಮಾವೊಂದನ್ನು ಹಾಕಿಸಿದೆವು. ಸೀಟು ತುಂಬಿದರೆ ಮಾಲೀಕರ ಮನಸ್ಸು ಕರಗೀತು ಎಂಬ ಆಸೆ. ಬೆಳಗಿನ ಆಟಕ್ಕೆ ನೊಣವೂ ಬರಲಿಲ್ಲ. ಆಗ ಕಟಿಂಗ್ ಶಾಪಿನವನು ಯಾರನ್ನೂ ಕೇಳದೆ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ 'ಕೊನೆಯ ಆಟ' ಎಂದು ಬರೆದು, ಅದರ ಫೋಟೋ ತೆಗೆದು ಎಲ್ಲ ಗ್ರೂಪುಗಳಿಗೂ ಹಾಕಿಬಿಟ್ಟ.

ಸಂಜೆಯ ಆಟಕ್ಕೆ ದೊಡ್ಡಮಳೂರು, ಬೈರಾಪಟ್ಟಣ, ಅಕ್ಕೂರು, ಎಲ್ಲ ಕಡೆಯಿಂದ ಜನ ನುಗ್ಗಿದರು. ರಾಮನಗರದಿಂದ ಕಾರುಗಳು ಬಂದವು. ಗೇಟಿಗೆ ಹಾರ ಹಾಕಿದರು, ಕರ್ಪೂರ ಹಚ್ಚಿದರು, ಪರದೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ಕಣ್ಣೊರೆಸಿಕೊಂಡರು. ಗೇಟಿನವನಿಗೆ ಶಾಲು ಹೊದಿಸಿದರು. ಅವನ ಹೆಂಡತಿಯ ಕಡಲೆಕಾಯಿ ಇಂಟರ್‌ವಲ್ಲಿಗೆ ಮೊದಲೇ ಖಾಲಿ. ಮಾಲೀಕರು ಕರಗಿಯೇ ಹೋದರು. ಪರದೆಯ ಮುಂದೆ ನಿಂತು, ಮುಂದಿನ ಭಾನುವಾರವೂ ಜನ ಹೀಗೇ ಬಂದರೆ ಒಡೆಸುವ ಮಾತೇ ಇಲ್ಲ ಅಂದರು. ಬಿದ್ದ ಚಪ್ಪಾಳೆಗೆ ಮೇಲಿನ ಶೀಟು ಅದುರಿತು. ಗೇಟಿನವನ ಹೆಂಡತಿ ಮೆಟ್ಟಿಲ ಮೇಲೆ ಕೂತು ಅತ್ತಳು.

ಮುಂದಿನ ಭಾನುವಾರ ಬೋರ್ಡಿನ ಮೇಲೆ ಹೊಸ ಸಿನಿಮಾದ ಹೆಸರಿತ್ತು. ಜನ ಬರಲಿಲ್ಲ. ಗೇಟಿನವನು ಒಳಗೆ ಹೋಗಿ ನೋಡಿದ, ಹೊರಗೆ ಬಂದು ರಸ್ತೆ ನೋಡಿದ. ಕೊನೆಗೆ ಅದೇ ಶಾಲು ಹೊದ್ದುಕೊಂಡು ಟೀ ಅಂಗಡಿಗೇ ಬಂದ. ಅಲ್ಲಿ ಹಿಂದಿನ ಭಾನುವಾರ ಕಣ್ಣೊರೆಸಿಕೊಂಡವರೇ ತುಂಬಿದ್ದರು, ಆ ಸಂಜೆ ಎಷ್ಟು ಚೆನ್ನಾಗಿತ್ತು ಎಂದು ಮಾತಾಡಿಕೊಳ್ಳುತ್ತಿದ್ದರು. ಇವನು ಒಬ್ಬೊಬ್ಬರ ಮುಂದೆಯೂ ನಿಂತು ಕೈ ಮುಗಿದ. ನಾನು ಬೈದೆ, ಕೂಗಾಡಿದೆ, ಬೆಂಚು ಒದ್ದೆ. ಯಾರೂ ಏಳಲಿಲ್ಲ.

ಈಗ ಅಲ್ಲಿ ಪಿಲ್ಲರ್ ಎದ್ದಿವೆ. ಗಂಡ-ಹೆಂಡತಿ ಕನಕಪುರದ ಕಡೆ ಯಾರದೋ ತೋಟ ಕಾಯುತ್ತಿದ್ದಾರೆ ಅಂತ ಕೇಳಿದ್ದೇನೆ. ಅವತ್ತು ಟೀ ಅಂಗಡಿಯಲ್ಲಿ ಗೇಟಿನವನು ಕೊನೆಗೆ ಬಂದು ನಿಂತಿದ್ದು ಮೇಷ್ಟ್ರ ಮುಂದೆ. ಓದಿದವರು, ನಾಲ್ಕು ಜನಕ್ಕೆ ಹೇಳುವವರು, ಇವರು ಎದ್ದರೆ ಉಳಿದವರೂ ಏಳುತ್ತಾರೆ ಎಂದುಕೊಂಡಿರಬೇಕು. ಮೇಷ್ಟ್ರು ನಿಜವಾಗಿಯೂ ನೊಂದುಕೊಂಡು, ಅವನ ಹೆಗಲ ಮೇಲೆ ಕೈ ಇಟ್ಟು ಹೇಳಿದರು:

"ಹೋದ ವಾರ ಎಲ್ಲರೂ ಬಂದು ಅತ್ತು ಹೋದ್ವಲ್ಲಯ್ಯ. ಒಂದು ಹೆಣಕ್ಕೆ ಎರಡು ಸಲ ಮಣ್ಣಿಗೆ ಬರೋದು ಎಲ್ಲಾದ್ರೂ ಉಂಟಾ?"