ಮಂಜಿನಲ್ಲಿ ನಿಂತ ಹೆಡ್‌ಮಾಸ್ತರು

ಹೆಡ್‌ಮಾಸ್ತರನಾದವನಿಗೆ ಸ್ಟಾಫ್‌ರೂಮಿನ ಮಾತು ಕೇಳುವ ಭಾಗ್ಯವಿಲ್ಲ. ಬಾಗಿಲ ತನಕ ಗಲಗಲ ಕೇಳುತ್ತದೆ, ಒಳಗೆ ಕಾಲಿಟ್ಟರೆ ಸ್ಮಶಾನಮೌನ. ಜೋಯಿಡಾ ಕಡೆಯ ಕಾಡಂಚಿನ ಹೈಸ್ಕೂಲಿಗೆ ಹೋದ ಹೊಸತರಲ್ಲಿ, ಧಾರವಾಡದ ತರಬೇತಿಯೊಂದರಿಂದ ನಾನೊಂದು ಹುಚ್ಚು ಹತ್ತಿಸಿಕೊಂಡು ಬಂದಿದ್ದೆ. ಶಿಕ್ಷಕರು ಕೂಡಿ ಕಲಿಯಬೇಕು, ತಮಗೆ ಬಾರದ್ದನ್ನು ಒಬ್ಬರಿಗೊಬ್ಬರು ಬಿಚ್ಚಿ ಹೇಳಬೇಕು! ಸಭೆ ಕರೆದು ‘ನಿಮಗೇನು ತ್ರಾಸ ಐತಿ, ಹೇಳ್ರಿ’ ಎಂದೆ. ‘ಏನೂ ಇಲ್ರಿ ಸರ್, ಎಲ್ಲಾ ಬರೋಬರಿ ಐತಿ’ ಎಂದರು ಗಣಿತದ ಮುಲ್ಲಾ ಮಾಸ್ತರು. ಎಲ್ಲ ಬರೋಬರಿ ಇದ್ದ ಆ ಶಾಲೆಯಲ್ಲಿ ಗಣಿತದಲ್ಲಿ ಪಾಸಾಗುವ ಮಕ್ಕಳನ್ನು ಮಾತ್ರ ಹುಡುಕಬೇಕಿತ್ತು.

ಚಳಿಗಾಲದ ಒಂದು ಶನಿವಾರ, ಬೆಳಗಿನ ಶಾಲೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಧ್ವಜದ ಕಂಬ ಅರ್ಧಕ್ಕೇ ಮುಗಿದುಹೋಗಿತ್ತು. ಗಂಟೆ ಬಾರಿಸಲು ಇನ್ನೂ ಹೊತ್ತಿತ್ತು. ಬೀಗ ಹಾಕಿರಬೇಕಾಗಿದ್ದ ವಿಜ್ಞಾನದ ಕೋಣೆಯಿಂದ ಪಿಸುಮಾತು ಕೇಳಿಸಿತು. ಕಣ್ಣಷ್ಟೇ ಬಿಟ್ಟು ಮುಖವೆಲ್ಲ ಮುಚ್ಚುವ ಮಂಗಿಟೋಪಿಯನ್ನು ಕಿವಿಯಿಂದ ಸರಿಸಿ ಕಿಟಕಿಯ ಹತ್ತಿರ ನಿಂತೆ. ‘ಭಿನ್ನರಾಶಿ ಭಾಗಸೂ ಮುಂದ ತಿರುವಿ ಯಾಕ ಗುಣಸಬೇಕು, ನನಗ ಖರೇ ಗೊತ್ತಿಲ್ರಿ ಅಕ್ಕೋರ. ಹುಡುಗರು ಕೇಳಿದ್ರ ಬೈದು ಕೂಡಸ್ತೇನಿ’ ಎನ್ನುತ್ತಿದ್ದರು ಮುಲ್ಲಾ ಮಾಸ್ತರು, ನಾಲ್ಕೈದು ಶಿಕ್ಷಕರ ನಡುವೆ ಕೂತು. ವಿಜ್ಞಾನದ ಸಾವಿತ್ರಿ ಅಕ್ಕೋರು ನಗಲಿಲ್ಲ. ಡಬ್ಬಿಯಿಂದ ರೊಟ್ಟಿ ತೆಗೆದು ಮುರಿದರು. ‘ಅರ್ಧ ರೊಟ್ಟಿಯೊಳಗ ಕಾಲು ರೊಟ್ಟಿ ಎಷ್ಟ್ ಅದಾವು, ನೋಡ್ರಿ.’ ನಾನು ಕನಸು ಕಂಡ ಕೂಟ ನನ್ನನ್ನು ಬಿಟ್ಟೇ ನಡೆದಿತ್ತು! ಖುಷಿಯಾಯಿತು, ಹೊಟ್ಟೆಯೂ ಉರಿಯಿತು. ಇನ್ನಷ್ಟು ಕೇಳಲೆಂದು ಗಾಜಿಗೆ ಮುಖ ಒತ್ತಿದೆ. ಅಕ್ಕೋರು ಕಿಟಾರನೆ ಚೀರಿದರು. ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ.

‘ಕಿಟಕ್ಯಾಗ ದೆವ್ವ ಬಂದಿತ್ರಿ ಸರ್, ಬರೇ ಕಣ್ಣು!’ ಎಂದು ನನಗೇ ವರದಿ ಬಂತು. ಕೂಟ ನಿಂತುಹೋಯಿತು. ಅದು ನಾನೇ ಎಂದರೆ ಕದ್ದು ಕೇಳಿದವನಾಗುತ್ತೇನೆ, ಸುಮ್ಮನಿದ್ದರೆ ಕೂಟ ಸಾಯುತ್ತದೆ. ತಿಣುಕಿ ತಿಣುಕಿ, ‘ನನ್ನ ಕೋಣ್ಯಾಗ ಕೂಡ್ರಿ, ನಾನೂ ಇರ್ತೇನಿ’ ಎಂದೆ. ದೆವ್ವಕ್ಕಿಂತ ಹೆಡ್‌ಮಾಸ್ತರನೇ ವಾಸಿ ಅನಿಸಿರಬೇಕು, ಒಪ್ಪಿದರು.

ಕೆಲವು ಶನಿವಾರ ಬಾಯಿ ಮುಚ್ಚಿಕೊಂಡು ಕೇಳಿದೆ. ಒಂದು ದಿನ ಮುಲ್ಲಾ ಮಾಸ್ತರು ಮೆಲ್ಲಗೆ, ‘ಸರ್, ನಮ್ದೆಲ್ಲಾ ಕೇಳಿದ್ರಿ. ನಿಮಗೇನು ಬರೂದಿಲ್ಲ, ಅದನ್ನೂ ಹೇಳ್ರಲ್ಲ’ ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಈಗ ಹೇಳದಿದ್ದರೆ ಇವರು ಇನ್ನು ಬಾಯಿ ಬಿಡುವುದಿಲ್ಲವೆಂದು ಗೊತ್ತಿತ್ತು. ಆದರೂ ಅವರ ಕಣ್ಣು ತಪ್ಪಿಸಲು ಕಿಟಕಿಯತ್ತ ನೋಡಿದೆ.

ಗಾಜಿನಾಚೆ, ಮಂಜಿನಲ್ಲಿ, ಮಂಗಿಟೋಪಿ ಹಾಕಿದವನೊಬ್ಬ ಥೇಟ್ ಅಂದಿನ ನನ್ನ ಹಾಗೆ ಕಿವಿಗೊಟ್ಟು ನಿಂತಿದ್ದ. ನನ್ನ ಟೋಪಿ ನನ್ನ ತೊಡೆಯ ಮೇಲೆಯೇ ಇತ್ತು. ಉಳಿದವರ್ಯಾರೂ ಅತ್ತ ನೋಡಲಿಲ್ಲ, ಅವರು ನನ್ನನ್ನೇ ನೋಡುತ್ತಿದ್ದರು. ‘ಮಕ್ಕಳು ನನ್ನ ಕ್ಲಾಸಿನ್ಯಾಗ ಒಂದ್ ಪ್ರಶ್ನೆನೂ ಕೇಳೂದಿಲ್ರಿ. ಹೆಂಗ ಕೇಳಿಸಬೇಕು, ನನಗ ಗೊತ್ತಿಲ್ಲ’ ಎಂದು ಒಂದೇ ಉಸಿರಿಗೆ ಒದರಿಬಿಟ್ಟೆ.

‘ಅದು ನಮಗ ಗೊತ್ತಿತ್ರಿ ಸರ್’ ಎಂದು ಸಾವಿತ್ರಿ ಅಕ್ಕೋರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು.

ಮತ್ತೆ ನೋಡಿದಾಗ ಕಿಟಕಿ ಖಾಲಿ. ನನ್ನೊಬ್ಬನ ಹೊರತು ಯಾರ ಕಣ್ಣಿಗೂ ಬೀಳದೆ ಅಷ್ಟನ್ನೂ ಕೇಳಿಕೊಂಡು ಹೋಗುವುದು ಹೇಗೆಂದು ನಾನು ಅವನಿಂದಲೂ ಕಲಿಯುವುದಿತ್ತು.