ಒಂಟಿ ಸವಾರರ ಸಾಲು

ಸಾಲಿನಲ್ಲಿ ಹೇಗೆ ನಿಲ್ಲಬೇಕೆಂದು ತನಗೆ ಹೇಳಿಕೊಡುವ ಭೂಪ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ ಎಂಬುದು ಟೋಕನ್ ಸಾಹೇಬರ ಅಚಲವಾದ ನಂಬಿಕೆ. ವಾಹನ ಪರವಾನಗಿ ಕಚೇರಿಯ ಬಾಗಿಲಲ್ಲಿ ಹತ್ತೊಂಬತ್ತು ವರ್ಷಗಳಿಂದ ಕುಳಿತು ಟೋಕನ್ ಹರಿದು ಕೊಡುತ್ತ, ನುಗ್ಗಲು ಬಂದವರನ್ನು ಬರೀ ಹುಬ್ಬಿನಿಂದಲೇ ಹಿಂದಕ್ಕೆ ಅಟ್ಟುತ್ತ ಬಂದ ಅವರಿಗೆ ಆ ಬಿರುದು ಕೊಟ್ಟದ್ದು ಸಹೋದ್ಯೋಗಿಗಳು. ಹೀಗಿರುವಾಗ ಹಾಸ್ಟೆಲಿನಲ್ಲಿರುವ ಮಗಳು ಫೋನು ಮಾಡಿದಳು. ನಿಮ್ಮಿಬ್ಬರಿಗೂ ಮನರಂಜನಾ ಪಾರ್ಕಿನ ಟಿಕೆಟ್ ಕಳಿಸಿದ್ದೇನೆ, ಜೊತೆಗೆ ಸಾಲಿನಲ್ಲಿ ಕಾಯದೆ ಒಳಗೆ ಬಿಡುವ ಎರಡು ಎಕ್ಸ್‌ಪ್ರೆಸ್ ಪಾಸೂ ಇವೆ, ಹಿಂದೆ ಬರೆದಿರುವ ನಿಯಮ ಓದಿಕೊಂಡು ಹೋಗಿ ಎಂದಳು. ಸಾಹೇಬರಿಗೆ ನಗು ತಡೆಯಲಾಗಲಿಲ್ಲ.

"ಊರಿಗೆಲ್ಲ ನಿಯಮ ಓದಿ ಹೇಳೋನು ನಾನು. ನನಗೇ ಓದು ಅಂತೀಯಲ್ಲಮ್ಮ!"

ಪಾಸನ್ನು ಮಡಿಚಿ ಜೇಬಿಗಿಟ್ಟರು. ಹಿಂಬದಿಯನ್ನು ತಿರುಗಿಸಿಯೂ ನೋಡಲಿಲ್ಲ. ಅವರ ಮನಸ್ಸೆಲ್ಲ ಟಿಕೆಟಿನ ಜೊತೆ ಬಂದ ಚಿತ್ರದ ಹಾಳೆಯ ಮೇಲಿತ್ತು. ಅದರಲ್ಲೊಂದು ದೋಣಿ, ದೋಣಿಯಲ್ಲಿ ಪಕ್ಕಪಕ್ಕದಲ್ಲಿ ಎರಡೇ ಸೀಟು. ಬಣ್ಣದ ಗುಹೆಯೊಳಗೆ ಹೊಕ್ಕು, ಕೊಳವನ್ನು ಒಂದು ಸುತ್ತು ಹಾಕಿ ಬರಲು ಏಳು ನಿಮಿಷ ಎಂದು ಕೆಳಗೆ ಬರೆದಿತ್ತು.

ಏಳು ನಿಮಿಷಕ್ಕೆ ಇಷ್ಟೊಂದು ಬಾಯಿ ಬಿಡುವ ಮನುಷ್ಯನನ್ನು ಕಂಡು ನಗಬೇಡಿ. ಅವರ ಹೆಂಡತಿಗೆ ಬೇಕರಿಯಲ್ಲಿ ಕೆಲಸ. ಮೂರು ಗಂಟೆಗೆ ಎದ್ದು ಹಿಟ್ಟು ನಾದಲು ಹೋಗುವಾಕೆ ಸಂಜೆ ಏಳೂವರೆಗೆಲ್ಲ ಮಲಗಿಬಿಡಬೇಕು. ಮಧ್ಯಾಹ್ನದ ಪಾಳಿ ಮುಗಿಸಿ ಸಾಹೇಬರು ಮನೆ ಸೇರುವುದು ಎಂಟಕ್ಕೆ. ಇವರಿಗೆ ಭಾನುವಾರ ರಜೆ, ಆದರೆ ಬೇಕರಿಯಲ್ಲಿ ಅಂದೇ ನೂಕುನುಗ್ಗಲು, ಆಕೆ ಕತ್ತಲಾದ ಮೇಲೆ ಬಂದು ನೇರ ಹಾಸಿಗೆಗೆ; ಆಕೆಗೆ ರಜೆ ಮಂಗಳವಾರ. ಆರು ವರ್ಷಗಳಿಂದ ಅವರ ದಾಂಪತ್ಯ ಫ್ರಿಜ್ಜಿನ ಬಾಗಿಲ ಮೇಲೆ ಚೀಟಿಗಳಲ್ಲಿ ನಡೆಯುತ್ತಿತ್ತು. "ಗ್ಯಾಸ್ ಮುಗಿದಿದೆ" ಎಂದು ಆಕೆ ಬರೆದರೆ "ಹೇಳಿದ್ದೇನೆ" ಎಂದು ಇವರು. ಜಗಳವಾಡಲೂ ಪುರುಸೊತ್ತಿಲ್ಲದ ಸಂಸಾರ. ಈ ಒಂದು ಮಂಗಳವಾರ ಮಾತ್ರ, ಯಾವ ಪುಣ್ಯವೋ, ಕಚೇರಿಗೂ ರಜೆ ಬಿದ್ದಿತ್ತು. ಕ್ಯಾಲೆಂಡರನ್ನು ಮೇಲಿಂದ ಕೆಳಗೆ ಜಾಲಾಡಿದರೂ ಈ ವರ್ಷ ಅಂಥ ಇನ್ನೊಂದು ಮಂಗಳವಾರ ಸಿಗಲಿಲ್ಲ. ಎಚ್ಚರವಾಗಿರುವ ಹೆಂಡತಿಯ ಪಕ್ಕದಲ್ಲಿ ಏಳು ನಿಮಿಷ ಕೂರಬೇಕು, ಒಂದು ಮಾತು ಹೇಳಬೇಕು. ಆ ಮಾತನ್ನು ಅವರು ಎಂಟು ದಿನದಿಂದ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದ್ದರು.

ಪಾಸನ್ನು ಕೊನೆಯಲ್ಲಿ ದೋಣಿಗೆ ಬಳಸುವುದು, ಅಲ್ಲಿಯವರೆಗೆ ತನ್ನ ಸಾಲುವಿದ್ಯೆಯನ್ನು ಹೆಂಡತಿಯ ಮುಂದೆ ಮೆರೆಸುವುದು ಎಂದು ಯೋಜನೆ ಸಿದ್ಧವಾಯಿತು. ಪಾರ್ಕಿನೊಳಗೆ ಕಾಲಿಟ್ಟರೆ ಎದುರಿಗೇ ರೋಲರ್ ಕೋಸ್ಟರ್. ಅದರ ಸಾಲು ಮೂರು ಸುತ್ತು ಸುತ್ತಿಕೊಂಡು ಬಿದ್ದಿತ್ತು. ಪಕ್ಕದಲ್ಲೇ ಇನ್ನೊಂದು ದಾರಿ, ಅದರಲ್ಲಿ ನಾಲ್ಕೇ ಜನ. "ಒಂಟಿ ಸವಾರರ ಸಾಲು" ಎಂಬ ಫಲಕ.

"ರೀ, ನಾವು ಇಬ್ಬರಿದ್ದೀವಲ್ಲ," ಎಂದಳು ಹೆಂಡತಿ.

"ಒಳಗೆ ಹೋದ್ಮೇಲೆ ಗಂಡ ಹೆಂಡತಿ ಅಂದ್ರೆ ಪಕ್ಕದಲ್ಲೇ ಕೂರಿಸ್ತಾರೆ. ನಿಂಗೆ ಇದೆಲ್ಲ ಗೊತ್ತಾಗಲ್ಲ, ಬಾ."

ಒಳಗೆ ಹಳದಿ ಟೋಪಿಯ ಹುಡುಗಿಯೊಬ್ಬಳು ಆಕೆಗೆ ಬಂಡಿಯ ಮೂರನೇ ಸಾಲಿನ ಸೀಟು ತೋರಿಸಿದಳು, ಇವರಿಗೆ ಏಳನೆಯದು. ಸಾಹೇಬರು ಗಂಟಲು ಸರಿಮಾಡಿಕೊಂಡು ತಮ್ಮ ವೈವಾಹಿಕ ಸ್ಥಿತಿಯನ್ನು ವಿವರಿಸಿದರು. ಹುಡುಗಿ ಆ ವಿವರಣೆಯನ್ನು ದಿನಕ್ಕೆ ಮೂವತ್ತು ಸಲ ಕೇಳುವವಳು. ಈ ಸಾಲಿರುವುದು ಉಳಿದ ಒಂದೊಂದು ಸೀಟನ್ನು ತುಂಬಿಸಲಿಕ್ಕೆ, ಜೊತೆಗೆ ಕೂರಬೇಕಾದವರು ಆ ದೊಡ್ಡ ಸಾಲಿನಲ್ಲಿ ಬರಬೇಕು ಎಂದು ಹೇಳಿ, ಅವರ ಎದೆಯ ಮೇಲೆ ಕಬ್ಬಿಣದ ಸರಳನ್ನು ಇಳಿಸಿಬಿಟ್ಟಳು.

ಹೆಂಡತಿಯ ಪಕ್ಕ ಕುಳಿತವರು ಯಾರೋ ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟರು. ಮೊದಲ ಇಳಿಜಾರಿಗೇ ಮೇಷ್ಟರು ಹೆದರಿ ಆಕೆಯ ಕೈ ಹಿಡಿದುಕೊಂಡರು, ಆಕೆ ಪಾಪ ಬಿಡಿಸಿಕೊಳ್ಳಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ತಲೆಕೆಳಗಾಗಿ ನೇತಾಡುತ್ತ ಹೊಟ್ಟೆಕಿಚ್ಚು ಪಟ್ಟ ಗಂಡಸರು ಚರಿತ್ರೆಯಲ್ಲಿ ಹೆಚ್ಚಿಗೆ ಇರಲಾರರು. ಆ ಕೈಯನ್ನು ತಾನು ಹಿಡಿದು ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೋದ ಸಾಹೇಬರಿಗೆ ಲೆಕ್ಕ ಸಿಗಲಿಲ್ಲ.

ಮುಂದಿನದು ತೂಗುಹಡಗು. ಈ ಬಾರಿ ಅವರು ಮುಂದೆ ಓಡಿ, ಪಕ್ಕದ ಸೀಟಿನ ಮೇಲೆ ತಮ್ಮ ಟೋಪಿ ಇಟ್ಟು ಸೀಟು ಹಿಡಿದರು. ಅಲ್ಲಿನ ನೌಕರ ಟೋಪಿಯನ್ನು ಎತ್ತಿ ಹಿಡಿದು, ಇದು ಯಾರದು, ಟೋಪಿಗೆ ಟಿಕೆಟ್ ಇಲ್ಲ ಎಂದು ಹಡಗಿಗೆಲ್ಲ ಕೇಳುವಂತೆ ಸಾರಿದ. ಹೆಂಡತಿ ತುದಿಯಲ್ಲಿ ಕುಳಿತು ಬೇರೆಯವರೊಂದಿಗೆ ನಗುತ್ತಿದ್ದಳು. ಮೂರನೆಯ ಸವಾರಿ, ಜಯಂಟ್ ವೀಲಿಗೆ, ದೊಡ್ಡ ಸಾಲಿನಲ್ಲೇ ನಿಂತರು. ಅರ್ಧ ದಾರಿಯಲ್ಲಿ, ನಿನ್ನ ಜಾಗ ನಾನು ಕಾದಿರುತ್ತೇನೆ, ಕುಡಿಯಲು ಏನಾದರೂ ತಾ ಎಂದು ಆಕೆಯನ್ನು ಕಳಿಸಿದರು. ಆಕೆ ಶರಬತ್ತು ಹಿಡಿದು ಬಂದಾಗ ಹಿಂದಿದ್ದವರು ಒಳಗೆ ಬಿಡಲಿಲ್ಲ. ನ್ಯಾಯವಂತೆ ಹೆಂಡತಿ ತಕರಾರಿಲ್ಲದೆ ಸಾಲಿನ ಕೊನೆಗೆ ಹೋಗಿ ನಿಂತಳು. ಸಾಹೇಬರು ಮೇಲೆ ಹೋಗಿ ಒಬ್ಬರೇ ಸುತ್ತಿ, ಕೆಳಗೆ ಬಂದು, ಆಕೆ ಒಬ್ಬಳೇ ಸುತ್ತುವುದನ್ನು ಕತ್ತೆತ್ತಿ ನೋಡಿದರು.

ಹೊರಗೆ ಬರುವ ದಾರಿಯಲ್ಲಿ ಫೋಟೋ ಅಂಗಡಿ. ರೋಲರ್ ಕೋಸ್ಟರಿನಲ್ಲಿ ತೆಗೆದ ಚಿತ್ರಗಳು ಪರದೆಯ ಮೇಲೆ ಒಂದೊಂದಾಗಿ ಬರುತ್ತಿದ್ದವು. ಹೆಂಡತಿಯದೂ ಬಂತು. ಬಾಯಿ ಅಗಲಕ್ಕೆ ತೆರೆದು ಕೂಗುತ್ತಿದ್ದ ಆಕೆಯ ಬಲಗಡೆ ಕೆಳಸಾಲಿನಲ್ಲಿ ಒಂದು ಹಲ್ಲಿರಲಿಲ್ಲ.

"ಹಲ್ಲು ಎಲ್ಲಿ ಹೋಯ್ತು?" ಎಂದು ಕೇಳಿದರು ಸಾಹೇಬರು.

"ಕಿತ್ತು ನಾಲ್ಕು ತಿಂಗಳಾಯ್ತಲ್ಲ. ಚೀಟಿ ಅಂಟಿಸಿದ್ದೆ."

ಚೀಟಿ ನೆನಪಾಯಿತು. ಹಲ್ಲು ಕೀಳಿಸಿದೆ, ಅನ್ನ ಮಾಡಲಾಗಲಿಲ್ಲ, ಬರುವಾಗ ಹಾಲು ತನ್ನಿ ಎಂದಿತ್ತು. ಇವರು ಹಾಲು ತಂದು, ಅದರ ಕೆಳಗೆ "ತಂದಿದ್ದೇನೆ" ಎಂದು ಬರೆದು ಮಲಗಿದ್ದರು. ಹೆಂಡತಿಯ ಬಾಯಲ್ಲಿ ಏನಾಯಿತೆಂದು ತಿಳಿಯಲು ನಾಲ್ಕು ತಿಂಗಳು, ಒಂದು ರೋಲರ್ ಕೋಸ್ಟರ್, ಒಬ್ಬ ಡ್ರಾಯಿಂಗ್ ಮೇಷ್ಟರು ಬೇಕಾಯಿತಲ್ಲ ಎಂದು ಅವರಿಗೆ ತೀರಾ ನಾಚಿಕೆಯಾಯಿತು.

ಇನ್ನು ತಡ ಮಾಡಬಾರದೆಂದು ನೆಟ್ಟಗೆ ದೋಣಿಯ ಬಳಿ ಹೋಗಿ, ಬ್ರಹ್ಮಾಸ್ತ್ರ ಬಿಡುವವರ ಗತ್ತಿನಲ್ಲಿ ಎರಡು ಪಾಸು ಚಾಚಿದರು. ಅಲ್ಲಿದ್ದ ವಯಸ್ಸಾದ ನೌಕರ ಪಾಸನ್ನು ತಿರುಗಿಸಿ ಹಿಂಬದಿ ತೋರಿಸಿದ. ಒಂದರಿಂದ ಎರಡು ಗಂಟೆಯೊಳಗೆ ಮಾತ್ರ ಎಂದು ಅಚ್ಚಾಗಿತ್ತು. ಆಗ ಗಂಟೆ ನಾಲ್ಕು. ಸಾಹೇಬರು ಗದರಿದರು, ಆಮೇಲೆ ಬೇಡಿಕೊಂಡರು, ಕೊನೆಗೆ ತಾನೂ ಸಾಲು ಕಾಯುವವನೇ ಎಂದು ವೃತ್ತಿಬಾಂಧವ್ಯ ಹೇಳಿಕೊಂಡರು. ಆತ ಬಹಳ ಮರ್ಯಾದೆಯಿಂದ ದೊಡ್ಡ ಸಾಲನ್ನು ತೋರಿಸಿ, ಒಂದು ಗಂಟೆ ಹತ್ತು ನಿಮಿಷ ಆಗಬಹುದು ಎಂದ.

ಸಾಹೇಬರ ಮುಖ ಹುಳ್ಳಗಾಯಿತು. ಹೆಂಡತಿ ಅವರ ತೋಳು ಹಿಡಿದು, "ನಿಲ್ಲೋಣ ಬಿಡಿ, ಇಬ್ಬರೂ ಇದ್ದೀವಲ್ಲ," ಎಂದಳು.

ನಿಂತರು. ಆಕೆ ದಂತವೈದ್ಯರ ಕುರ್ಚಿಯ ಕಥೆ ಹೇಳಿದಳು, ಬೇಕರಿಗೆ ಬಂದ ಹೊಸ ಒಲೆಯ ತರಲೆಗಳನ್ನೆಲ್ಲ ಹೇಳಿದಳು. ಮಾತಿಗೆ ಮಾತು ಬಂದು ಸಾಹೇಬರು, ಕುರ್ಚಿ ಎಳೆದರೆ ಅವಳಿಗೆ ಎಚ್ಚರವಾದೀತೆಂದು ತಾನು ಆರು ವರ್ಷದಿಂದ ನಿಂತುಕೊಂಡೇ ಊಟ ಮಾಡುತ್ತಿರುವುದನ್ನು ಬಾಯಿಬಿಟ್ಟರು.

ಆಕೆ ಅವರನ್ನೇ ನೋಡಿದಳು. "ನಾನು ಎದ್ದೇ ಇರ್ತೀನಿ ರೀ. ನೀವು ತಟ್ಟೆ ತೊಳೆದಿಟ್ಟ ಸದ್ದು ಕೇಳಿದ್ಮೇಲೇ ನಂಗೆ ನಿದ್ದೆ ಬರೋದು."

"ಮತ್ತೆ ಕರೀಬಾರದಾ?"

"ಸುಸ್ತಾಗಿ ಬಂದಿರ್ತೀರಿ ಅಂತ ಸುಮ್ಮನಿರ್ತೀನಿ."

ಸಾಹೇಬರಿಗೆ ಒಂದು ಗೋಡೆಯ ಆಚೆ ಆಕೆ ಎಚ್ಚರ, ಈಚೆ ತಾನು ತಟ್ಟೆ ಹಿಡಿದು ನಿಂತಿದ್ದೆ ಎಂದು ನೆನೆದರೆ ಕಳೆದುಹೋದ ಆ ಸಂಜೆಗಳೆಲ್ಲ ವಾಪಸ್ಸು ಬೇಕೆನ್ನಿಸಿತು. ಹೇಳಬೇಕಾದ ಮಾತನ್ನು ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಹಿಂದೆ ಮುಂದೆ ಜನ, ದೋಣಿಯಲ್ಲಿ ಇಬ್ಬರೇ ಇರುತ್ತೇವಲ್ಲ ಎಂದು ತಡೆದುಕೊಂಡರು.

ಅಂತೂ ದೋಣಿ ಬಂತು. ಪಕ್ಕಪಕ್ಕದಲ್ಲೇ ಕೂತರು. ನೀರು ದೋಣಿಯನ್ನು ಮೆಲ್ಲಗೆ ತೂಗತೊಡಗಿತು. ಬಣ್ಣದ ಗುಹೆಯೊಳಗೆ ದೀಪ ಮಂದವಾಯಿತು. ಮುಖ ನೋಡಿ ಹೇಳುವಷ್ಟು ಧೈರ್ಯವಿಲ್ಲದೆ ಸಾಹೇಬರು ಎದುರಿನ ಸುಣ್ಣದ ಬಂಡೆಯನ್ನೇ ನೋಡುತ್ತ ಶುರು ಮಾಡಿದರು. "ಒಂದೇ ಮನೇಲಿದ್ದೂ ನಿನ್ನ ನೋಡ್ಬೇಕು ನೋಡ್ಬೇಕು ಅನ್ಸುತ್ತೆ ಕಣೆ. ಇನ್ಮೇಲೆ ನಾನು ಬೆಳಿಗ್ಗೆ ಪಾಳಿ ಕೇಳ್ತೀನಿ. ಸಂಬಳ, ಬಡ್ತಿ ಎಲ್ಲ ಹಾಳಾಗಲಿ, ಸಂಜೆ ಜೊತೇಲಿ ಊಟ ಮಾಡೋಣ. ಏನಂತೀಯಾ?"

ಅವರ ಹೆಗಲಿನ ಮೇಲೆ ಏನೋ ಭಾರ ಬಿತ್ತು. ಬೆಳಗಿನ ಮೂರಕ್ಕೇ ಏಳುವ ಅಭ್ಯಾಸದ ಜೀವ, ದಿನವಿಡೀ ಸುತ್ತಿ, ಕೂರಲು ಜಾಗ ಸಿಕ್ಕಿದ್ದೇ ತಡ ಗುಹೆ ಹೊಗುವ ಮೊದಲೇ ನಿದ್ದೆ ಹೋಗಿತ್ತು. ಸಾಹೇಬರು ಉಸಿರನ್ನೂ ಸಣ್ಣಗೆ ಬಿಡುತ್ತ, ಜೋಮು ಹಿಡಿದ ತೋಳನ್ನು ಕದಲಿಸದೆ ಕೂತರು. ಏಳು ನಿಮಿಷ ಇಷ್ಟು ಬೇಗ ಮುಗಿಯುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ದೋಣಿ ದಡಕ್ಕೆ ತಾಗಿದ ಕುಲುಕಿಗೆ ಆಕೆ ಕಣ್ಣು ಬಿಟ್ಟಳು.

"ಶುರುವಾಯ್ತಾ ರೀ?"

"ಇನ್ನೂ ಇಲ್ಲ," ಎಂದರು ಟೋಕನ್ ಸಾಹೇಬರು. ಆಕೆಯ ಕೈ ಹಿಡಿದು ಇಳಿಸಿಕೊಂಡು, ಆ ದೊಡ್ಡ ಸಾಲಿನ ಕೊನೆ ಎಲ್ಲಿದೆಯೆಂದು ಕಂಡಕಂಡವರನ್ನು ಕೇಳುತ್ತ ಹೊರಟರು.